ಆಟದ ಮಗ್ಗ

ಬಸವಕಲ್ಯಾಣ
೯ ನವೆಂಬರ್ ೨೦೨೫, ರವಿವಾರ ಮಧ್ಯಾಹ್ನ

ಮಾತಿನ ಮಲ್ಲಿ ನೂರೀನ್‌ಗೆ ಅವಳ ಮೂಕಿಯಿಂದ ಪ್ರೀತಿ.

ನಿನ್ನೆ ತಾನೇ ಫೋನಿನಲ್ಲಿ ಅಷ್ಟು ಹೊತ್ತು ಮಾತಾಡಿದವಳು ಇವತ್ತು ಕಾಗದ ಬರೆಯಲು ಯಾಕೆ ಕೂತಳು ಎಂದು ನೀನು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ನಿಜ ಹೇಳಬೇಕೆಂದರೆ ನಿನ್ನೆ ಮಾತಾಡಿದವಳು ನೀನು. ನಾನು ಹೂಂ ಅಂದೆ, ಹೌದಾ ಅಂದೆ, ಕೊನೆಗೆ ಮೈ ಜೋಕೆ ಅಂದೆ. ಯಾವುದನ್ನು ಹೇಳಲೆಂದು ಫೋನು ಹಚ್ಚಿದ್ದೆನೋ ಅದು ಹಾಗೇ ಉಳಿಯಿತು. ಕಾಲೇಜಿನಲ್ಲೂ ಹೀಗೇ ಇತ್ತಲ್ಲ. ನಾನು ಪಕ್ಕದಲ್ಲೇ ಕೂತಿದ್ದರೂ ನನ್ನ ಹಾಜರಿಗೆ ನೀನೇ "ಪ್ರೆಸೆಂಟ್ ಸರ್" ಅನ್ನುತ್ತಿದ್ದೆ. ಬರೆಯುವಾಗ ಮಾತ್ರ ನನ್ನ ಪರವಾಗಿ ನೀನು ಬಾಯಿ ಹಾಕಲಾರೆ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹೆರಿಗೆಗೆ ಬರುವ ನಿನಗಾಗಿ ನಿನ್ನ ಅಮ್ಮಿ, ನನ್ನ ವಹೀದಾ ಖಾಲಾ, ಹಿತ್ತಲ ಕಡೆಯ ಕೋಣೆಯನ್ನು ಸಾರಿಸಿ ಸುಣ್ಣ ಹೊಡೆಸಿದ್ದಾರೆ. ಆ ಮನೆಯಲ್ಲಿ ಗಾಳಿ ಬೆಳಕು ಇರುವ ಕೋಣೆ ಅದೊಂದೇ ಎಂದು ನಿನಗೂ ಗೊತ್ತು. ನೀನು ಅವರಿಗೆ, "ಆ ಮಗ್ಗದ ಕೋಣಿಗೆ ನಾ ಕಾಲಿಡಂಗಿಲ್ಲ ಅಮ್ಮಿ, ಬೇಕಾದ್ರ ಹುಮನಾಬಾದದಾಗೇ ಹಡೀತೀನಿ" ಎಂದಿದ್ದೀಯಂತೆ. ಖಾಲಾ ಅದನ್ನು ನನಗೆ ಹೇಳಿ, ಸೆರಗಿನಿಂದ ಮೂಗು ಒರೆಸಿಕೊಂಡರು. "ನಿನ್ನ ಮಾತು ಕೇಳ್ತಾಳ, ನೀ ಹೇಳು" ಅಂದರು. ನಿನಗೆ ಬುದ್ಧಿ ಹೇಳಲು ನಾನು ಒಪ್ಪಿಕೊಳ್ಳಬಾರದಾಗಿತ್ತು. ಯಾಕೆಂದರೆ ಆ ಕೋಣೆಯಲ್ಲಿ ಈಗ ದಿನಾ ಸಂಜೆ ನಾನು ಕೂರುತ್ತೇನೆ. ನಿನ್ನ ಸ್ವಂತ ಅಜ್ಜಿ, ನಿನ್ನ ದಾದಿಯ ಹತ್ತಿರವೇ ನೇಯುವುದನ್ನು ಕಲಿಯುತ್ತಿದ್ದೇನೆ.

ಇಷ್ಟಕ್ಕೇ ಕಾಗದ ಮಡಚಿ ಇಡಬೇಡ. ಪೂರ್ತಿ ಓದು. ಆಮೇಲೆ ಎಷ್ಟು ಬೇಕಾದರೂ ಬೈ.

ನಾವಿಬ್ಬರೂ ಊರನ್ನೇ ಅದಲುಬದಲು ಮಾಡಿಕೊಂಡವರು. ದಿನಾ ಹುಮನಾಬಾದಿನಿಂದ ಬಸ್ಸು ಹಿಡಿದು, ಹೆದ್ದಾರಿಯ ಬಂಗ್ಲಾ ಸ್ಟಾಪಿನಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು ಕಾಲೇಜಿಗೆ ಬರುತ್ತಿದ್ದ ನಾನು ಈಗ ನಿಮ್ಮ ಕೋಟೆಯ ಹಿಂದಿನ ಓಣಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೇನೆ. ಹುಮನಾಬಾದಿನ ಸೊಳ್ಳೆಗಳಿಗೆ ಕೊಂಬು ಇರುತ್ತದೆ ಎಂದು ನಗುತ್ತಿದ್ದ ನೀನು ಮದುವೆಯಾಗಿ ಅಲ್ಲಿಗೇ ಹೋದೆ. ಮಾಣಿಕನಗರದ ಕಡೆ ಹೋಗುವ ರಸ್ತೆಯಲ್ಲಿ ನಿನ್ನ ಮನೆಯ ಹಸಿರು ಬಾಗಿಲು ಕಂಡಾಗಲೆಲ್ಲ ನನಗೆ ಏನೋ ತಪ್ಪಾಗಿ ಜೋಡಿಸಿದಂತೆ ಅನ್ನಿಸುತ್ತದೆ. ಇಲ್ಲಿ ನಿಮ್ಮ ಓಣಿಯ ತಿರುವಿನಲ್ಲಿ ಬೆಳಿಗ್ಗೆ ಖಿಚಡಿ ಖಟ್ಟಾದ ವಾಸನೆ ಬಂದರೂ ಹಾಗೇ. ನೀನಿಲ್ಲದ ನಿನ್ನ ಊರಿನಲ್ಲಿ ನಾನು ಹೆಸರು ಬದಲಿಸಿಕೊಂಡು ಓಡಾಡುತ್ತಿದ್ದೇನೇನೋ ಅನ್ನಿಸುತ್ತದೆ.

ನಾರಾಯಣಪುರಕ್ಕೆ ಹೋದದ್ದು ನೆನಪಿದೆಯೇ? ಎರಡನೆಯ ವರ್ಷ, ಒಂದು ಆಟೋದಲ್ಲಿ ಏಳು ಹುಡುಗಿಯರು, ನಾನು ನಿನ್ನ ತೊಡೆಯ ಮೇಲೆ. ಗುಡಿಯ ಶಾಸನದ ಬಗ್ಗೆ ಸರ್ ಹೇಳುತ್ತಿದ್ದರೆ ನೀನು ನನ್ನ ಕೈ ಹಿಡಿದು ಹಿಂಬದಿಗೆ ಎಳೆದುಕೊಂಡು ಹೋದೆ. ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿ, ಮತ್ತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಒಂದು ಕೆತ್ತನೆಯ ಮೇಲೆ ಬೆರಳು ಆಡಿಸುತ್ತ, "ನಮ್ಮ ದಾದಿ ಜಮಖಾನದ ಅಂಚಿನಾಗ ಹಿಂಗ ಐತಿ ನೋಡು" ಅಂದೆ. ಕಲ್ಲು ಬಿಸಿಯಾಗಿತ್ತು. ನಿನ್ನ ಬೆರಳು ಒಂದೇ ಕಡೆ ನಿಂತಿತು. ಅಲ್ಲಿಯೇ ನೀನು ನನಗೆ ಆ ಸಂಗತಿ ಹೇಳಿದ್ದು. ಹತ್ತನೆಯ ಇಯತ್ತೆಯಲ್ಲಿದ್ದಾಗ ಮಗ್ಗದ ಕೋಣೆಯ ಹೊಸ್ತಿಲಲ್ಲಿ ಕೂತು ನೋಡಿ ನೋಡಿ, ಯಾರಿಗೂ ಕೇಳದೆ, ಕುರ್ಚಿಯ ಬೆನ್ನಿಗೆ ನೂಲು ಕಟ್ಟಿ ಅಂಗೈಯಷ್ಟು ನೇಯ್ದದ್ದು. ಅದನ್ನು ಕುರ್ಚಿ ಸಮೇತ ಹೊತ್ತುಕೊಂಡು ಹೋಗಿ ದಾದಿಗೆ ತೋರಿಸಿದ್ದು. ದಾದಿ ಕತ್ತರಿ ತೆಗೆದುಕೊಂಡದ್ದು.

"ಬೈದಿದ್ರ ನಡೀತಿತ್ತು ಮೂಕಿ. ಬೈಲೇ ಇಲ್ಲ" ಅಂದೆ ನೀನು. ನಿನ್ನ ಬಾಯಲ್ಲಿ ಮಾತು ನಿಂತದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ನಿಮ್ಮ ಮನೆಯ ರೂಢಿ ನನಗೂ ಗೊತ್ತಾದದ್ದು ಆಗಲೇ. ಜಮಖಾನದ ಕೆಲಸವನ್ನು ಮನೆಗೆ ಬಂದ ಸೊಸೆಗೆ ಕಲಿಸಬೇಕು, ಮನೆಯಲ್ಲಿ ಹುಟ್ಟಿದ ಮಗಳಿಗೆ ಕಲಿಸಬಾರದು. ಮಗಳು ಅದನ್ನು ಇನ್ನೊಂದು ಮನೆಗೆ ಒಯ್ಯುತ್ತಾಳೆ. ಕಾಲೇಜು ಮುಗಿಯುವವರೆಗೂ ನೀನು ಆ ಕೋಣೆಯ ಮುಂದೆ ಹಾಯುವಾಗ ಮುಖ ಆಚೆ ತಿರುಗಿಸುತ್ತಿದ್ದೆ. ಮದುವೆಯಲ್ಲಿ ದಾದಿ ಕೊಟ್ಟ ಜಮಖಾನವನ್ನು ಸುತ್ತಿದ್ದ ಹಾಗೇ ಅಟ್ಟಕ್ಕೆ ಹಾಕಿಸಿ ಹೋದೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಆ ಕೋಣೆಗೆ ಹೇಗೆ ಹೋದೆ ಎನ್ನುವುದನ್ನು ಕೇಳು.

ಜೂನ್‌ನಲ್ಲಿ ಸಾಲೆ ಸುರುವಾದಾಗ ವಹೀದಾ ಖಾಲಾ ರವಿವಾರ ರವಿವಾರ ಊಟಕ್ಕೆ ಬರಲೇಬೇಕೆಂದು ಹೇಳಿದರು. ಒಂದು ರವಿವಾರ ಕೈ ತೊಳೆಯಲು ಹಿತ್ತಲಿಗೆ ಹೋದವಳಿಗೆ ಕಿಟಕಿಯಲ್ಲಿ ದಾದಿ ಕಂಡರು. ದೊಡ್ಡ ಮಗ್ಗ ಈಗ ಇಲ್ಲ, ನೂರೀನ್. ಮೊಣಕಾಲು ಮಡಚಲು ಬರುವುದಿಲ್ಲವೆಂದು ದಾದಿ ಅದನ್ನು ಬಿಚ್ಚಿಸಿ, ಮರದ ತೊಲೆಗಳನ್ನು ಮೂಲೆಗೆ ನಿಲ್ಲಿಸಿದ್ದಾರೆ. ಅವರು ಕುರ್ಚಿಯ ಮೇಲೆ ಕೂತು, ಗಾಜು ತೆಗೆದ ಒಂದು ಹಳೆಯ ಫೋಟೋ ಚೌಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದಕ್ಕೆ ನೂಲು ಕಟ್ಟಿ ನೇಯುತ್ತಿದ್ದರು. ಗೋಡೆಗೆ ತೂಗುಹಾಕುವಷ್ಟು ಸಣ್ಣದು. ಕಪ್ಪು ನೆಲದಲ್ಲಿ ಒಂದು ಕೆಂಪು ಹುಂಜ, ಇನ್ನೂ ಕತ್ತು ಬಂದಿರಲಿಲ್ಲ. ನಾನು ಒದ್ದೆ ಕೈಯಲ್ಲೇ ನಿಂತು ನೋಡಿದೆ. ಎಷ್ಟು ಹೊತ್ತು ನಿಂತೆನೋ.

"ಕಿಟಕಿಗೆ ಜಾಲಿ ಹಾಕ್ಸಿಲ್ಲ, ಬೇಟಿ. ಕಳ್ಳರಂಗ ಯಾಕ ನೋಡ್ತೀ? ಒಳಗ ಬಾ" ಅಂದರು.

ನಾನು ಹೊಸ್ತಿಲವರೆಗೆ ಹೋಗಿ ನಿಂತೆ. ನಿನ್ನ ನೆನಪಾಗಿ ಒಳಗೆ ಕಾಲಿಡಲಾಗಲಿಲ್ಲ.

"ಏನ್ ಕೆಲಸಾ ಮಾಡ್ತೀ?"

"ಸಾಲಿಯಾಗ ಕನ್ನಡ ಕಲಿಸ್ತೀನ್ರಿ."

"ಹಂಗಾರ ಕೇಳಿದ್ದು ಮರೆಯಂಗಿಲ್ಲ, ಮತ್ತೊಬ್ಬರಿಗೆ ಹೇಳಲಿಕ್ಕೂ ಬರ್ತದ. ಕೂಡು."

ನಾನು ರೂಢಿಯ ಮಾತೆತ್ತಿದೆ. ಮೆಲ್ಲಗೆ, ತೊದಲುತ್ತ. ದಾದಿ ಚೌಕಟ್ಟನ್ನು ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದು ಅಲ್ಲಾಡಿಸಿದರು. "ಅದು ಮಗ್ಗದ ಕಾನೂನು. ಇದೇನು ಮಗ್ಗ ಆಗ್ತದ? ಇದು ಆಟದ್ದು. ಗುಡ್ಡಾ ಗುಡ್ಡಿ ಗೊಂಬಿ ಲಗ್ನಕ್ಕ ಖಾಜಿ ಬರ್ತಾನೇನ?"

ನನಗೆ ನಗು ಬಂತು. ನಕ್ಕದ್ದರಿಂದ ಒಳಗೆ ಹೋದೆ. ಆಟದ್ದು ಅಂದರಲ್ಲ ಎಂಬ ನೆವ ಸಾಕಾಯಿತು.

ಮೊದಲ ವಾರಗಳ ನನ್ನ ಫಜೀತಿಯನ್ನು ನೀನು ನೋಡಬೇಕಿತ್ತು. ಕೈಯಲ್ಲಿ ಸೀಮೆಸುಣ್ಣ ಹಿಡಿದವಳಿಗೆ ನೂಲು ಹಿಡಿಯಲು ಬರಲಿಲ್ಲ. ಅಚ್ಚುಕಟ್ಟಾಗಲಿ ಎಂದು ಪ್ರತಿ ಸಾಲನ್ನೂ ಬಿಗಿಯಾಗಿ ಎಳೆದೆ. ನಾಲ್ಕು ಬೆರಳಿನಷ್ಟು ನೇಯುವುದರಲ್ಲಿ ನನ್ನ ಬಟ್ಟೆ ಎರಡೂ ಬದಿಯಿಂದ ಒಳಗೆ ಸರಿದು, ನಡು ಸಣ್ಣದಾಗಿ, ಡಮರು ಆಗಿತ್ತು. ದಾದಿ ಅದನ್ನು ಬೆಳಕಿಗೆ ಹಿಡಿದರು. "ಮಾಶಾಲ್ಲಾ, ಟೀಚರಮ್ಮಾ! ಇದು ಸಿನೇಮಾದಾಗ ಕುಣ್ಯಾಕಿ ನಡಾ ಆತು" ಅಂದು, ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಒಂದೇ ಶಬ್ದ: "ಬಿಚ್ಚು."

ಬಿಚ್ಚು. ನಾನು ಈ ಐದು ತಿಂಗಳಲ್ಲಿ ಅತಿ ಹೆಚ್ಚು ಕೇಳಿದ ಕನ್ನಡ ಶಬ್ದ ಅದು. ನೇಯ್ದದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ. ಬಿಚ್ಚಿದ ನೂಲು ಸುಕ್ಕಾಗಿರುತ್ತದೆ, ಎಲ್ಲಿ ಬಾಗಿತ್ತೋ ಅಲ್ಲೇ ಬಾಗಿಕೊಂಡು. ಅದನ್ನು ನೀರು ಚಿಮುಕಿಸಿ ಕಿಟಕಿಯ ಸರಳಿಗೆ ಕಟ್ಟಿ ಒಣಗಿಸಬೇಕು. ನಿಮ್ಮ ಕಿಟಕಿಯ ಸರಳುಗಳ ಮೇಲೆ ಈಗ ಸದಾ ನನ್ನ ತಪ್ಪುಗಳು ಒಣಗುತ್ತಿರುತ್ತವೆ. ಖಾಲಾ ಅದನ್ನು ಶಾವಿಗೆ ಎನ್ನುತ್ತಾರೆ.

ಊರಿಗೆ ಹೋದಾಗ ಅವ್ವನಿಗೆ ತೋರಿಸಿದೆ. ನಮ್ಮ ದ್ರೌಪತಿಬಾಯಿ ಸುಮ್ಮನಿರುತ್ತಾಳೆಯೇ? "ಎಂ.ಎ. ಓದ್ಸಿದ್ದು ದಾರಾ ಎಣಸಲಿಕ್ಕೇನ?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, ರೊಟ್ಟಿ ತಟ್ಟುತ್ತ, ಹಿಂದೆ ತಿರುಗದೇ, "ಇದ್ರಾಗ ನವಿಲು ಬರ್ತದೇನ?" ಎಂದು ಕೇಳಿದಳು.

ನನಗೆ ವಿಚಿತ್ರವೆನಿಸಿದ್ದು ದಾದಿ ಕಲಿಸುವ ರೀತಿ. ಅವರು ಏನನ್ನಾದರೂ ಮಾಡಿ ತೋರಿಸುತ್ತಾರೆ. ನಾನು ಚೌಕಟ್ಟಿಗೆ ಕೈ ಚಾಚಿದರೆ ಅದನ್ನು ಸೆರಗಿನಲ್ಲಿ ಮುಚ್ಚಿಬಿಡುತ್ತಾರೆ. "ನಕೋ. ಮೊದಲ ಬಾಯಿಲೆ ಹೇಳು." ಈಗ ನೋಡಿದ್ದನ್ನು ನಾನು ಮಾತಿನಲ್ಲಿ ಹೇಳಬೇಕು, ಕೈ ಕಟ್ಟಿಕೊಂಡು. ಅವರು ಕಣ್ಣು ಮುಚ್ಚಿ ಕೇಳುತ್ತಾರೆ. "ಹಿಂಗ ಮಾಡಬೇಕು" ಅಂದರೆ ನಡೆಯುವುದಿಲ್ಲ. "ಹಿಂಗ ಅಂದ್ರ ಹ್ಯಾಂಗ? ಕುರುಡಾಕಿಗೆ ತಿಳಿಯಂಗ ಹೇಳು." ಮಾತು ಸರಿಯಾದ ಮೇಲೆಯೇ ಚೌಕಟ್ಟು ನನ್ನ ಕೈಗೆ. ಖಾಲಾಗೂ ಹೀಗೇ ಕಲಿಸಿದ್ದರೇ ಎಂದು ಒಮ್ಮೆ ಕೇಳಿದೆ. ಖಾಲಾ ಗಹಗಹಿಸಿದರು. "ನನಗ? ಕೈ ಮ್ಯಾಲ ಪಂಜಾದಿಂದ ಹೊಡೀತಿದ್ರು, ಕೈ ತಾನೇ ಕಲೀತು. ಮಾತು ಎಲ್ಲಿಂದ ಬರಬೇಕು?" ಪಂಜಾ ಎಂದರೆ ನೂಲನ್ನು ಕೆಳಗೆ ಬಡಿದು ಕೂರಿಸುವ ಕಬ್ಬಿಣದ ಹಲ್ಲಿನ ಹಣಿಗೆ. ನನ್ನ ಆಟದ ಮಗ್ಗಕ್ಕೆ ಅದು ಭಾರ, ನನಗೆ ತಲೆ ಬಾಚುವ ಹಣಿಗೆಯೇ ಪಂಜಾ.

ಸಾಹಿತ್ಯ ಓದಿದವಳೆಂದು ದಾದಿ ನನ್ನನ್ನು ಹೀಗೆ ಗೋಳು ಹುಯ್ದುಕೊಳ್ಳುತ್ತಾರೆ ಎಂದುಕೊಂಡೆ. ಆದರೆ ಒಂದು ಮಾತು ನಿಜ. ಯಾರ ಎದುರಿಗೂ ಎರಡು ವಾಕ್ಯ ಜೋಡಿಸಲಾರದ ನಾನು ಆ ಕೋಣೆಯಲ್ಲಿ ಮಾತು ಕಲಿತೆ. ಸಾಲೆಯಲ್ಲಿ ನನ್ನ ದನಿ ಈಗ ಹಿಂದಿನ ಬೆಂಚಿನವರೆಗೆ ಹೋಗುತ್ತದೆ.

ದಸರೆ ರಜೆಯಲ್ಲಿ ನಾನು ನಾರಾಯಣಪುರದ ಆ ಮೆಟ್ಟಿಲಿನ ಕೆತ್ತನೆಯನ್ನು ನೇಯಲು ಹಿಡಿದೆ. ಕೆಂಪು ಮೆಟ್ಟಿಲು, ನೀಲಿ ನೆಲ. ಅದೇ ಯಾಕೆ ಎಂದು ದಾದಿ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೆಂಪು ಚೆಂದ ಕಂಡಿತೆಂದು ಕೆಂಪನ್ನೇ ಏರಿಸುತ್ತ ಹೋದೆ. ತುದಿ ಮುಟ್ಟಿ ಇಳಿಯುವ ಹೊತ್ತಿಗೆ ಪಕ್ಕದ ನೀಲಿ ತುಂಬಲು ದಾರಿಯೇ ಇರಲಿಲ್ಲ. ಮೇಲಿನ ಕೆಂಪು ಚಾಚಿಕೊಂಡು ಕೆಳಗಿನ ಎಳೆಗಳನ್ನು ಮುಚ್ಚಿಬಿಟ್ಟಿತ್ತು, ಹಣಿಗೆ ಒಳಗೆ ಹೋಗಲೊಲ್ಲದು. ದಾದಿ ನೋಡಿದರು. "ಗೋಡಿ ಕಟ್ಟದ ಛತ್ತು ಹಾಕೀದಿ. ಬಿಚ್ಚು" ಅಂದರು. ಬಿಚ್ಚುತ್ತಿರುವಾಗ ಎದ್ದು ಹೋಗಿ, ಹಳೆಯದೊಂದು ಜಮಖಾನದ ತುಂಡು ತಂದು ನನ್ನ ಮುಂದೆ ಹಾಸಿದರು, ಕೆಂಪು ನೀಲಿ ಹೇಗೆ ಒಂದನ್ನೊಂದು ಕಾದುಕೊಂಡು ಏರಿವೆ ಎಂದು ತೋರಿಸಲು.

ನಾನು ಅದನ್ನೂ ನೋಡಿದೆ, ನನ್ನ ಚೌಕಟ್ಟನ್ನೂ ನೋಡಿದೆ. ಒಂದೇ ಅಂಚು, ಒಂದೇ ಕೈಚಳಕ. ಇದು ಆಟದ್ದಲ್ಲ, ನೂರೀನ್. ನಿನ್ನ ಮುಂದೆ ಮುಚ್ಚಿದ ಕೆಲಸವನ್ನೇ ದಾದಿ ನನಗೆ ಒಂದೊಂದಾಗಿ ಕೊಡುತ್ತಿದ್ದರು. ನಾನು ನಿನ್ನ ಜಾಗದಲ್ಲಿ ಕೂತಿದ್ದೆ.

ಅಡಿಗೆಮನೆಗೆ ಹೋಗಿ ಖಾಲಾಗೆ ಹೇಳಿದೆ, ನಾನು ಬಿಡುತ್ತೇನೆ, ನೂರೀನ್‌ಗೆ ಗೊತ್ತಾದರೆ ನನ್ನ ಮುಖ ನೋಡುವುದಿಲ್ಲ ಎಂದು. ಖಾಲಾ ಪುಂಡಿಪಲ್ಯ ಸೋಸುತ್ತಿದ್ದರು. ಸೊಪ್ಪನ್ನು ಬದಿಗೆ ಸರಿಸಿ ಹೇಳಿದರು. ಇದು ನಿನಗೆ ಗೊತ್ತಿಲ್ಲ ಎಂದುಕೊಂಡಿದ್ದೇನೆ.

ದಾದಿ ಈ ಮನೆಗೆ ಮದುವಣಗಿತ್ತಿಯಾಗಿ ಬಂದಾಗ ಮನೆಯಲ್ಲಿ ಮೂವರು ನಾದಿನಿಯರಿದ್ದರಂತೆ. ಮೂವರೂ ಕಲಿಯಬೇಕೆಂದು ಹಟ ಹಿಡಿದವರು. ದಾದಿಯ ಅತ್ತೆಗೆ ಭಯ, ತನ್ನ ನಂತರ ಈ ಸೊಸೆ ಕರಗಿ ಅವರಿಗೆ ಕಲಿಸಿಬಿಟ್ಟಾಳು ಎಂದು. ಅದಕ್ಕೇ ಕಲಿಸುವ ಮೊದಲು ಮಗ್ಗದ ತೊಲೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿದರು: "ಈ ಮನಿ ಹೆಣ್ಣುಮಕ್ಕಳಿಗೆ ನನ್ನ ಕೈಯಿಂದ ಕಲಿಸೂದಿಲ್ಲ." ದಾದಿಗೆ ಆಗ ಹದಿನಾರು ತುಂಬಿರಲಿಲ್ಲ. ತನ್ನ ಹೊಟ್ಟೆಯ ಮಗಳಿಗೂ, ಅಂದರೆ ನಿನ್ನ ಫುಫಿಗೂ, ಕಲಿಸಲಿಲ್ಲ. ಕೊಟ್ಟ ಮಾತು ಮೀರಿದರೆ ಸತ್ತ ಮೇಲೆ ಅತ್ತೆಗೆ ಯಾವ ಮುಖ ತೋರಿಸಲಿ ಎನ್ನುತ್ತಾರಂತೆ.

"ನನಗ ಬ್ಯಾಡಾಗಿತ್ತು, ನನಗ ಕಲಿಸಿದ್ರು" ಅಂದರು ಖಾಲಾ. "ನನಗ ಹೊಲಿಗಿ ಮಶೀನ್ ಸಾಕಿತ್ತು. ಬೇಕು ಬೇಕು ಅಂದಾಕಿಗೆ ಕಲಿಸಲಿಲ್ಲ. ಈ ಮನಿ ನ್ಯಾಯಾ ಹಿಂಗ ಐತಿ ನೋಡು. ಆಕಿ ನೂಲು ಕತ್ತರಿಸಿದ ದಿನಾ ಮುದುಕಿ ರೊಟ್ಟಿ ಮುಟ್ಟಲಿಲ್ಲ. ಮಗ್ಗಕ್ಕ ಬೆನ್ನು ಮಾಡಿ ಕುಂತಿದ್ರು. ನಾ ಕೇಳಿದ್ರ, ಏನಂದ್ರು ಗೊತ್ತದೇನ? 'ವಹೀದಾ, ಒಂದು ಎಳೀನೂ ತಪ್ಪಿರಲಿಲ್ಲ' ಅಂದ್ರು."

ಒಂದು ಎಳೆಯೂ ತಪ್ಪಿರಲಿಲ್ಲ. ಯಾರೂ ಕಲಿಸದೆ, ಹೊಸ್ತಿಲಲ್ಲಿ ಕೂತು ಕಲಿತ ನಿನ್ನ ಅಂಗೈಯಷ್ಟು ಬಟ್ಟೆಯ ಬಗ್ಗೆ ನಿನ್ನ ದಾದಿ ಸರ್ದಾರಬಿ ಹೇಳಿದ ಮಾತು ಇದು. ನನ್ನ ಬಗ್ಗೆ ಅವರು ಇಂಥದ್ದನ್ನು ಈವರೆಗೆ ಹೇಳಿಲ್ಲ, ಹೇಳುವಂತೆಯೂ ಕಾಣುವುದಿಲ್ಲ.

ಮರುದಿನ ಚೌಕಟ್ಟನ್ನು ಚೀಲದಲ್ಲಿ ಹಾಕಿಕೊಂಡು ಮರಳಿಸಲು ಹೋದೆ. "ದಾದಿ, ನೂರೀನ್ ಬರಾಕತ್ತಾಳ. ಆಕಿ ಮುಂದ ನಾ ಇದನ್ನ ಹಿಡಕೊಂಡು ಕೂಡಲಾರೆ" ಅಂದೆ. ಇಷ್ಟು ಉದ್ದದ ವಾಕ್ಯವನ್ನು ತಡವರಿಸದೆ ಹೇಳಿದ್ದಕ್ಕೆ ನನಗೇ ಆಶ್ಚರ್ಯ. ದಾದಿ ಬೈಯಲಿಲ್ಲ, ಬೇಡವೆನ್ನಲಿಲ್ಲ. "ಎಲ್ಲಾ ಹೇಳಿ ಹೋಗು. ಸುರುವಿಂದ" ಅಂದರು. ಕಣ್ಣು ಮುಚ್ಚಿದರು.

ನಾನು ಹೇಳಿದೆ. ಅಂದು ಹೇಳಿದ್ದನ್ನೇ ಇಲ್ಲಿ ನಿನಗೆ ಬರೆಯುತ್ತೇನೆ. ಆ ಕೋಣೆಯಲ್ಲಿ ಏನು ನಡೆಯುತ್ತದೆ ಎಂದು ಹೊಸ್ತಿಲಾಚೆಯಿಂದ ನೋಡಿದವಳು ನೀನು. ಒಳಗೆ ಕೂತವಳು ಅದನ್ನು ನಿನ್ನಿಂದ ಮುಚ್ಚಿಡುವುದು ಸರಿಯಲ್ಲ.

ಚೌಕಟ್ಟಿನ ಮೇಲಂಚಿಗೂ ಕೆಳಗಿನ ಅಂಚಿಗೂ ಸಣ್ಣ ಮೊಳೆ, ಒಂದರ ಎದುರಿಗೆ ಒಂದು. ಬಿಳಿಯ ಗಟ್ಟಿ ನೂಲನ್ನು ಮೇಲೆ ಕೆಳಗೆ ಎಳೆದು ಕಟ್ಟಬೇಕು; ಅದು ಹಾಸು. ಬೆರಳಿನಿಂದ ಮೀಟಿದರೆ ಸಣ್ಣಗೆ ದನಿ ಕೊಡಬೇಕು. ಬಣ್ಣದ ನೂಲು ಹೊಕ್ಕು. ಎಡಗೈಯ ಬೆರಳಿನಿಂದ ಹಾಸಿನ ಎಳೆಗಳನ್ನು ಒಂದು ಬಿಟ್ಟು ಒಂದು ಎತ್ತು, ಬಲಗೈಯಿಂದ ಹೊಕ್ಕನ್ನು ದಾಟಿಸು. ಮರಳುವಾಗ ಬಿಟ್ಟದ್ದನ್ನು ಎತ್ತು, ಎತ್ತಿದ್ದನ್ನು ಬಿಡು. ನೂಲನ್ನು ನೆಟ್ಟಗೆ ಎಳೆಯಬೇಡ, ಗುಡ್ಡದ ಹಾಗೆ ಕಮಾನಾಗಿ ಮಲಗಿಸು, ಆಮೇಲೆ ಹಣಿಗೆಯಿಂದ ಬಡಿ. ಗುಡ್ಡ ತಾನೇ ಕುಸಿದು ಬೇಕಾದಷ್ಟು ಜಾಗ ಹಿಡಿಯುತ್ತದೆ, ಅಂಚು ಒಳಗೆ ಸರಿಯುವುದಿಲ್ಲ. ಬಿಳಿಯ ಹಾಸು ಕಾಣದಂತೆ ಬಡಿಯಬೇಕು. ಎರಡು ಬಣ್ಣ ಸೇರುವಲ್ಲಿ ಎರಡೂ ತಮ್ಮ ತಮ್ಮ ಎಳೆಯಿಂದ ಮರಳಿದರೆ ನಡುವೆ ಸೀಳು ಉಳಿಯುತ್ತದೆ, ಗಾಳಿ ಆಡುವಂಥದ್ದು. ಸೀಳು ಬೇಡವಾದರೆ ಎರಡೂ ಒಂದೇ ಎಳೆಯನ್ನು ಸರದಿಯ ಮೇಲೆ ಸುತ್ತಿ ಹೋಗಲಿ. ಮೆಟ್ಟಿಲು ಏರಿಸುವಾಗ ಒಂದು ಬಣ್ಣ ತಾನೊಂದೇ ಮೇಲೆ ಹೋಗಕೂಡದು. ಅದು ಪಕ್ಕಕ್ಕೆ ಚಾಚುವ ಮೊದಲು ಕೆಳಗೆ ಪಕ್ಕದ ಬಣ್ಣ ತುಂಬಿರಬೇಕು. ಬಣ್ಣ ಬದಲಿಸಿದಾಗ ತುದಿಯನ್ನು ಗಂಟು ಹಾಕಬೇಡ, ಹಿಂದೆ ಬಿಡು. ಹೊಕ್ಕಿನ ಒತ್ತಡವೇ ಅದನ್ನು ಹಿಡಿದಿಡುತ್ತದೆ.

ಇಷ್ಟನ್ನು ಹೇಳುವಾಗ ದಾದಿ ಒಂದೇ ಕಡೆ ತಡೆದರು. ಅಲ್ಲಿ ನಾನು "ಸ್ವಲ್ಪ ಸಡಿಲ" ಅಂದಿದ್ದೆ. "ಸ್ವಲ್ಪ ಅಂದ್ರ ಯಾರಿಗೆ ತಿಳೀತದ? ಗುಡ್ಡ ಅನ್ನು" ಅಂದರು. ಮುಗಿದ ಮೇಲೆ "ಛಲೋ ಆತು" ಎಂದಷ್ಟೇ ಹೇಳಿ ಅಸರಿನ ನಮಾಜಿಗೆ ಎದ್ದರು. ಚೌಕಟ್ಟನ್ನು ವಾಪಸು ತೆಗೆದುಕೊಳ್ಳಲಿಲ್ಲ. ಬಿಡು ಎಂದರೋ, ಬಿಡಬೇಡ ಎಂದರೋ, ಇವತ್ತಿಗೂ ನನಗೆ ತಿಳಿದಿಲ್ಲ. ಅಂದಿನಿಂದ ದಿನಾ ಹೋಗಿ ಕೂರುತ್ತೇನೆ, ಮುಂದಿನ ಸಾಲು ಮಾತ್ರ ನೇಯ್ದಿಲ್ಲ. ಕೆಂಪು ಮೆಟ್ಟಿಲು ಅರ್ಧಕ್ಕೆ ನಿಂತಿದೆ.

ಈಗ ನಿನ್ನನ್ನು ಕೇಳುತ್ತಿದ್ದೇನೆ. ನಾನು ಬಿಡಲೇ, ಮುಂದುವರಿಸಲೇ? ನೀನು ಬಿಡು ಅಂದರೆ ಸಿಟ್ಟಿಲ್ಲದೆ ಬಿಡುತ್ತೇನೆ. ದಾದಿಯ ಜೊತೆ ರಾಜಿ ಮಾಡಿಕೋ ಎಂದು ಹೇಳಲು ನಾನು ಯಾರು? ಅವರು ಕತ್ತರಿಸಿದ್ದು ನಿನ್ನ ನೂಲನ್ನು, ನನ್ನದನ್ನಲ್ಲ. ಆದರೆ ಹುಮನಾಬಾದಿನಲ್ಲೇ ಹಡೆಯುತ್ತೇನೆ ಎನ್ನಬೇಡ. ಖಾಲಾ ಆ ಕೋಣೆಯ ಸುಣ್ಣ ಒಣಗಿದೆಯೇ ಎಂದು ದಿನಕ್ಕೆ ಹತ್ತು ಸಲ ಗೋಡೆ ಮುಟ್ಟಿ ನೋಡುತ್ತಾರೆ. ಆ ತೊಲೆಗಳು ನಿನ್ನ ಕಣ್ಣಿಗೆ ಬೀಳಬಾರದು ಎಂದರೆ ಚಾದರ ಹೊದಿಸುತ್ತೇನೆ. ನಾನು ಬರಬಾರದೆಂದರೆ ಬರುವುದಿಲ್ಲ. ನೀನು ಮಾತ್ರ ಬಾ.

ಸಂಜೆ ನಮಾಜಿನ ಹೊತ್ತಿಗೆ ತ್ರಿಪುರಾಂತ ಕೆರೆಯ ದಂಡೆಗೆ ನಾವು ಹೋಗುತ್ತಿದ್ದೆವಲ್ಲ, ನೀನು ಮಾತಾಡುತ್ತ, ನಾನು ನೀರು ನೋಡುತ್ತ. ಈಗ ಒಬ್ಬಳೇ ಹೋದರೆ ಕೆರೆಯೂ ಬೇಗ ಮುಗಿದುಹೋಗುತ್ತದೆ.

ನಿನ್ನ ಉತ್ತರ ಒಂದೇ ಸಾಲಿನದಾದರೂ ಸರಿ, ಬೈಗುಳವಾದರೂ ಸರಿ.

ನಿನ್ನವಳೇ ಆದ,
ಸ್ನೇಹಲ

ತಾ.ಕ.: ಸಹಿ ಹಾಕಿದ ಮೇಲೆ ಈ ಕಾಗದ ಮನಸ್ಸಿಗೆ ಸಮಾಧಾನ ಕೊಡಲಿಲ್ಲ. ದಾದಿಯ ಮನೆಯ ಮಾತನ್ನು ದಾದಿಗೆ ಹೇಳದೆ ಊರು ದಾಟಿಸುವುದು ಕಳ್ಳತನವೆನ್ನಿಸಿತು. ಹೋಗಿ, ನೂರೀನ್‌ಗೆ ಬರೆದಿದ್ದೇನೆ ಅಂದೆ. "ಓದು" ಅಂದರು. ಅವರಿಗೆ ಕನ್ನಡ ಓದಲು ಬರುವುದಿಲ್ಲವಲ್ಲ. ಆಣೆಯ ಮಾತು, ಕತ್ತರಿಯ ಮಾತು, ಎಲ್ಲವನ್ನೂ ಓದಿದೆ. ಅವರು ಅದೆಲ್ಲ ಬೇರೆ ಯಾರದೋ ಮನೆಯ ಸುದ್ದಿಯೆಂಬಂತೆ ಕೂತಿದ್ದರು. ಚೌಕಟ್ಟಿನ ಪಾಠ ಬಂದಾಗ ಮಾತ್ರ ಮುಂದಕ್ಕೆ ಬಾಗಿದರು. ಮುಗಿದ ಕೂಡಲೇ ನನ್ನ ಮೇಲೆ ರೇಗಿದರು. "ಇಷ್ಟು ದಿನಾ ಕಲಿಸಿದ್ದು ನೀರಾಗ ಹೋತು. ಇದು ಆಕಿಗೆ ಉಪಯೋಗಿಲ್ಲ. ತಪ್ಪು ಬರ್ದೀದಿ."

ಏನು ತಪ್ಪು ದಾದಿ, ಕುರುಡರಿಗೂ ತಿಳಿಯುವಂತೆ ಬರೆದಿದ್ದೇನೆ ಅಂದೆ.

"ಎಡಗೈಲೆ ಎತ್ತು, ಬಲಗೈಲೆ ದಾಟ್ಸು ಅಂತ ಬರ್ದೀದಿ. ಅದು ನಿನಗ, ನನಗ. ನೂರೀನ್ ಉಣ್ಣೂದಷ್ಟೇ ಬಲಗೈಲೆ, ಅದೂ ನಾ ಬೈತೀನಂತ. ಉಳಿದದ್ದೆಲ್ಲಾ ಎಡಗೈಲೇ ಮಾಡ್ತಾಳ. ನೀ ಮೂರು ವರ್ಷ ಆಕಿ ಮಗ್ಗಲಾಗ ಕುಂತೀದಿ, ನೋಡಿಲ್ಲೇನ? ಬಲಗೈಲೆ ಎತ್ತು, ಎಡಗೈಲೆ ದಾಟ್ಸು, ಸಾಲು ಎಡಗಡೆಯಿಂದ ಸುರು ಮಾಡು ಅಂತ ತಿದ್ದಿ ಬರಿ."

ನಾನು ಪೆನ್ನು ತೆಗೆದೆ. ದಾದಿ ಬಾಗಿಲ ಕಡೆ ನೋಡಿ, ದನಿ ಇಳಿಸಿದರು.

"ನಾ ಹೇಳೀನಂತ ಮಾತ್ರ ಬರೀಬ್ಯಾಡ."